ಎದುರು ಮನೆಯ ಮಾತು ಮೊದಲು

ಶನಿವಾರ ಸಂಜೆ

ನನ್ನ ಮುದ್ದು ಮಿಡತೆಗೆ,

ಅಮ್ಮ ಮಾಡುವ ಆಶೀರ್ವಾದಗಳು. ನಿನ್ನ ಕಾಗದ ಬುಧವಾರವೇ ಕೈಸೇರಿತು. ಉತ್ತರ ಬರೆಯಲು ಇಷ್ಟು ದಿನ ಹಿಡಿಯಿತು, ಬೈಯಬೇಡ. ಬರೆಯಲು ಕೂತಾಗಲೆಲ್ಲ ಯಾರಾದರೂ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಈಗಲೂ ನಿಮ್ಮಪ್ಪನ ಇಸ್ತ್ರಿ ಮೇಜಿನ ಒಂದು ಮೂಲೆ ಕಿತ್ತುಕೊಂಡು ಬರೆಯುತ್ತಿದ್ದೇನೆ. "ಬೇಗ ಮುಗಿಸು, ಇಲ್ಲಾಂದ್ರೆ ಕಾಗದಕ್ಕೂ ಇಸ್ತ್ರಿ ಹಾಕಿಬಿಡ್ತೀನಿ" ಎಂದು ಗೊಣಗುತ್ತಿದ್ದಾರೆ. ಮೇಜಿನ ಮೇಲೆ ಇಸ್ತ್ರಿಗೆ ಬಟ್ಟೆಯೇ ಇಲ್ಲ, ಆದರೂ ಅವಸರಕ್ಕೇನೂ ಕಡಿಮೆಯಿಲ್ಲ.

ಓಟದ ತರಬೇತಿ ಶಿಬಿರದಲ್ಲಿ ನಿಮ್ಮ ಫೋನುಗಳನ್ನೆಲ್ಲ ತೆಗೆದಿಟ್ಟುಕೊಂಡಿದ್ದಾರೆ ಎಂದು ತಿಳಿದಾಗ ನಿನ್ನ ಅಪ್ಪ ಕೂಗಾಡಿದರು. ನನಗೇನೋ ಒಳ್ಳೆಯದೇ ಅನ್ನಿಸಿತು. ಫೋನಿನಲ್ಲಾದರೆ ನೀನು "ಊಟ ಆಯ್ತಾ" ಎಂದು ಕೇಳಿ ಇಟ್ಟುಬಿಡುತ್ತಿದ್ದೆ. ಕಾಗದದಲ್ಲಿ ಮನಸ್ಸು ಬಿಚ್ಚಿ ಬರೆದಿದ್ದೀಯ. ಪತ್ರಿಕೆಯಲ್ಲಿ ನಮ್ಮ ಓಣಿಯವರೆಲ್ಲ ಕೆರೆಯನ್ನೂ ಬಯಲನ್ನೂ ಕ್ರೀಡಾಕೂಟಕ್ಕೆ ಸಂತೋಷದಿಂದ ಬಿಟ್ಟುಕೊಟ್ಟರು ಎಂದು ಓದಿದೆಯಂತೆ. ತರಬೇತುದಾರರು ನಿನ್ನ ಬೆನ್ನು ತಟ್ಟಿದರಂತೆ. "ಅಮ್ಮಾ, ನೀನೂ ಒಪ್ಪಿಕೊಂಡೆಯಾ? ನನ್ನಿಂದಲೇ ನಮ್ಮ ಕೆರೆ ಹೋಯಿತಾ?" ಎಂದು ಕೇಳಿದ್ದೀಯ.

ಹೇಳುತ್ತೇನೆ, ಕೇಳು. ಇದನ್ನು ಮೊದಲಿನಿಂದ ಹೇಳದೆ ಹೋದರೆ ನಿನಗೆ ನಮ್ಮ ಮೇಲೆ ಸಿಟ್ಟು ಬರುತ್ತದೆ. ಮೊದಲಿನಿಂದ ಹೇಳಿದರೆ ನಗು ಬರುತ್ತದೆ. ಆಮೇಲೆ ಏನು ಬರುತ್ತದೋ ನಿನಗೇ ಗೊತ್ತು.

ನಮ್ಮ ಓಣಿಯಲ್ಲಿ ಒಂದು ಕ್ರಮವಿದೆ. ನೀನು ಸಣ್ಣವಳಿದ್ದಾಗಲೇ ಕ್ರೀಡಾ ಹಾಸ್ಟೆಲಿಗೆ ಹೋದವಳು, ದೊಡ್ಡವರ ಜಗಳದಲ್ಲಿ ಕೂತವಳಲ್ಲ. ನಿನಗೆ ಅಷ್ಟಾಗಿ ತಿಳಿದಿರಲಿಕ್ಕಿಲ್ಲ. ನಮ್ಮ ಹಗ್ಗದಜ್ಜಿಯ ಅತ್ತೆಯ ಕಾಲದಲ್ಲಿ, ಒಗೆಯಲು ಬಂದಿದ್ದ ಹೋಟೆಲಿನ ಒಂದು ದೊಡ್ಡ ಮೇಜುಬಟ್ಟೆ ಗಾಳಿಗೆ ಹಾರಿ ಕೆರೆಯ ಕೆಸರಿಗೆ ಬಿತ್ತಂತೆ. "ನಿನ್ನ ಹಗ್ಗ ಸಡಿಲ ಇತ್ತು" ಎಂದು ಒಬ್ಬಳು, "ನಿನ್ನ ಕ್ಲಿಪ್ಪು ಮುರಿದಿತ್ತು" ಎಂದು ಎದುರು ಮನೆಯವಳು. ಎರಡು ಮನೆ ಮಾತು ಬಿಟ್ಟವು. ಒಗೆಯುವ ಕಲ್ಲಿನ ಹತ್ತಿರ ಬೆನ್ನು ತಿರುಗಿಸಿಕೊಂಡು ಒಗೆಯುತ್ತಿದ್ದರಂತೆ, ಒಬ್ಬರ ಸಾಬೂನು ನೊರೆ ಇನ್ನೊಬ್ಬರ ಕಡೆ ಹೋದರೂ ರಂಪ. ಕೊನೆಗೆ ಆ ಅತ್ತೆ ಇಬ್ಬರನ್ನೂ ಎದುರುಬದುರು ಕೂರಿಸಿ, "ಅವಳ ದೂರನ್ನ ನೀನು ಹೇಳು. ನಿನ್ನ ದೂರನ್ನ ಅವಳು ಹೇಳ್ತಾಳೆ. ಹೌದು, ಸರಿಯಾಗಿ ಹೇಳ್ದೆ ಅಂತ ಅವಳು ತಲೆ ಆಡಿಸಿದ ಮೇಲೆ ನಿನ್ನದು ಶುರು ಮಾಡು" ಅಂದಳಂತೆ. ಅವಳ ದೂರನ್ನು ಇವಳು ಹೇಳುತ್ತ ಹೇಳುತ್ತ ಅರ್ಧಕ್ಕೇ ನಗು ಬಂತಂತೆ. ಅಂದಿನಿಂದ ನಮ್ಮಲ್ಲಿ ಯಾವ ವ್ಯಾಜ್ಯಕ್ಕೂ ಎದುರು ಮನೆಯ ಮಾತು ಮೊದಲು, ನಮ್ಮದು ಆಮೇಲೆ. ಎಲ್ಲರಿಗಿಂತ ಹಿರಿಯರು ಕೊನೆಗೆ ಆಡಿದರೆ ಮುಗಿಯಿತು, ಅದೇ ತೀರ್ಮಾನ. ತನ್ನದನ್ನೇ ಮೊದಲು ಒದರುವವರನ್ನು ಕಂಡರೆ ನಮ್ಮವರು ಮೂಗು ಮುರಿಯುತ್ತಾರೆ, "ಹಸಿದ ಕೂಸಿನ ಹಾಗೆ ಆಡ್ತಾನೆ" ಅನ್ನುತ್ತಾರೆ.

ಇದನ್ನು ನೆನಪಿಟ್ಟುಕೊಂಡು ಮುಂದಕ್ಕೆ ಓದು.

ಕ್ರೀಡಾಕೂಟಕ್ಕಾಗಿ ನಮ್ಮ ಕೆರೆ ಮುಚ್ಚಿ, ಬಟ್ಟೆ ಒಣಹಾಕುವ ಹಗ್ಗದ ಬಯಲನ್ನು ಸಮ ಮಾಡಿ, ಅರ್ಧದಲ್ಲಿ ಓಟಗಾರರು ಮೈ ಬಿಸಿ ಮಾಡಿಕೊಳ್ಳುವ ಅಂಗಳ, ಇನ್ನರ್ಧದಲ್ಲಿ ವಾಹನ ನಿಲ್ಲಿಸುವ ಜಾಗ ಮಾಡುತ್ತಾರೆ ಎಂದು ಗೋಡೆಗೆ ಒಂದು ಪ್ರಕಟಣೆ ಅಂಟಿಸಿದ್ದರು. ಜನರ ಅಭಿಪ್ರಾಯ ಕೇಳದೆ ಏನೂ ಮಾಡುವುದಿಲ್ಲ, ಶಾಲೆಯ ಸಭಾಂಗಣಕ್ಕೆ ಬಂದು ಹೇಳಿ ಎಂದು ಅದರಲ್ಲೇ ಬರೆದಿತ್ತು. ನಮಗೆ ಎಷ್ಟು ಸಂತೋಷವಾಯಿತು ಗೊತ್ತಾ? ಕೇಳುತ್ತಾರಲ್ಲ! ನಮ್ಮನ್ನು ಇದುವರೆಗೆ "ಬಟ್ಟೆ ಎಷ್ಟು ಗಂಟೆಗೆ ಸಿಗುತ್ತೆ" ಎಂಬುದೊಂದನ್ನು ಬಿಟ್ಟು ಯಾರು ಏನು ಕೇಳಿದ್ದರು?

ಓಣಿಯವರೆಲ್ಲ ಹಗ್ಗದ ಬಯಲಿನಲ್ಲಿ ಕೂತು ಮಾತು ಹಂಚಿಕೊಂಡೆವು. ಮಳೆ ಬಂದಾಗ ಇಡೀ ಓಣಿಯ ನೀರು ಹರಿದು ಸೇರುವುದು ಆ ಕೆರೆಗೆ, ಅದನ್ನು ಮುಚ್ಚಿದರೆ ನೀರು ನಮ್ಮ ಮನೆಯೊಳಗೆ ಬರುತ್ತದೆ ಎಂದು ಹೇಳುವುದು ನನ್ನ ಪಾಲು. ದಂಡೆಯ ಮರಗಳ ವಿಷಯ ನಿಮ್ಮಪ್ಪನ ಪಾಲು. ಆಸ್ಪತ್ರೆಯ ಹಾಸಿಗೆ ಬಟ್ಟೆಗೆ ಆ ಬಯಲಿನ ಬಿಸಿಲೇ ಬೇಕು, ಅದು ಹೋದರೆ ನಮ್ಮ ಕಸುಬೇ ಹೋಯಿತು ಎನ್ನುವುದು ನನ್ನ ತಮ್ಮನ ಪಾಲು, ಅದೇ ನಿನ್ನ ಗಂಜಿ ಮಾವನದು. ಕೊನೆಗೆ ಹಗ್ಗದಜ್ಜಿ ಎದ್ದು, ಕೊಡುವುದಿಲ್ಲ ಎಂದು ಒಂದೇ ಮಾತು ಹೇಳಬೇಕು. ಗಂಜಿ ಮಾವ ಷರಟಿಗೆ ಎಷ್ಟು ಗಂಜಿ ಹಾಕಿಕೊಂಡಿದ್ದನೆಂದರೆ ಕೂತರೆ ಸದ್ದಾಗುತ್ತಿತ್ತು.

ಸಭಾಂಗಣಕ್ಕೆ ಹೋದೆವು. ವೇದಿಕೆಯ ಮೇಲೆ ಉದ್ದನೆಯ ಮೇಜು, ಅದಕ್ಕೆ ಬಿಳಿ ಬಟ್ಟೆ. ನಿಮ್ಮಪ್ಪ ನನ್ನ ಪಕ್ಕೆ ತಿವಿದು, "ನನ್ನ ಇಸ್ತ್ರಿ" ಅಂದರು. ಅಲ್ಲಿಗೆ ನಮಗೆ ಅರ್ಧ ಧೈರ್ಯ ಬಂತು. ಮೇಜಿನ ಹಿಂದೆ ಪರಿಸರ ಇಲಾಖೆಯ ಅಧಿಕಾರಿ, ಪಕ್ಕದಲ್ಲಿ ಕ್ರೀಡಾಕೂಟ ಸಮಿತಿಯ ಒಬ್ಬಳು ಹುಡುಗಿ. ನಿನಗಿಂತ ನಾಲ್ಕಾರು ವರ್ಷ ದೊಡ್ಡವಳಿರಬಹುದು, ನಗುಮುಖ, ನಮಗೆಲ್ಲ ಎದ್ದು ಕೈಮುಗಿದಳು. ಒಬ್ಬೊಬ್ಬರಿಗೂ ಒಂದೇ ಸರದಿ, ಗಂಟೆ ಬಾರಿಸಿದಾಗ ಮುಗಿಸಬೇಕು ಎಂದರು. ಶಾಲೆಯವರದೇ ಗಂಟೆ, ಸಣ್ಣದು. ಅದನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ.

ಮೊದಲು ಎದ್ದವನು ಗಂಜಿ ಮಾವ. ಕ್ರಮದ ಪ್ರಕಾರ ಎದುರಿನವರ ಮಾತನ್ನು ಶುರು ಮಾಡಿದ. "ಸಾರ್, ಆಟ ಅಂದ್ರೆ ದೊಡ್ಡದು. ದೇಶ ದೇಶದಿಂದ ಮಕ್ಕಳು ಬರ್ತಾರೆ. ಬಂದವರು ಎಲ್ಲಿ ಓಡಬೇಕು, ನಮ್ಮ ಅಡುಗೆಮನೇಲಾ? ಜಾಗ ಬೇಕೇ ಬೇಕು. ನಮ್ಮ ಹುಡುಗೀನೇ ಓಡ್ತಾಳೆ ಸಾರ್ ಇದ್ರಲ್ಲಿ! ನಮ್ಮ ಹಗ್ಗದ ಕೆಳಗೇ ಓಡಿ ಬೆಳೆದವಳು. ಒದ್ದೆ ಬೆಡ್‌ಶೀಟು ಮುಖಕ್ಕೆ ಬಡೀದ ಹಾಗೆ ಬಗ್ಗಿ ಓಡ್ತಿದ್ಲು, ಅದಕ್ಕೇ ಈಗ್ಲೂ ತಲೆ ತಗ್ಗಿಸಿಕೊಂಡೇ ಓಡೋದು. ಟಿವೀಲಿ ನೋಡಿದವರು ಎಷ್ಟು ವಿನಯ ಅಂತಾರೆ, ವಿನಯ ಅಲ್ಲ ಸಾರ್, ಬೆಡ್‌ಶೀಟಿನ ಭಯ!" ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಧಿಕಾರಿಯೂ ನಕ್ಕರು. ಅವನಿಗೆ ಹುರುಪು ಬಂದು ನಿನ್ನ ಬಗ್ಗೆ ಇನ್ನೆರಡು ಕಥೆ ಹೇಳಿದ. ಗಂಟೆ ಬಾರಿಸಿತು.

"ಸಾರ್, ನಂದಿನ್ನೂ ಶುರುವಾಗಿಲ್ಲ" ಅಂದ.

"ತುಂಬಾ ಚೆನ್ನಾಗಿ ಮಾತಾಡಿದ್ರಿ, ಕೂತ್ಕೊಳ್ಳಿ" ಅಂದರು ಅವರು.

ಆಮೇಲೆ ನಿಮ್ಮಪ್ಪ. ನಿಮ್ಮಪ್ಪನ ಮಾತು ನಿನಗೆ ಗೊತ್ತಲ್ಲ, ಒಂದು ಮಡಿಕೆ ಸರಿಯಾಗಿ ಕೂತ ಮೇಲೇ ಇನ್ನೊಂದು. ಬಂದವರ ಗಾಡಿ ನಿಲ್ಲಿಸಲು ಜಾಗವಿಲ್ಲದಿದ್ದರೆ ರಸ್ತೆಯಲ್ಲಿ ಎಷ್ಟು ತೊಂದರೆ, ಅಧಿಕಾರಿಗಳಿಗೆ ಮೇಲಿನವರಿಂದ ಎಷ್ಟು ಒತ್ತಡ, ಅವರೂ ಹೆಂಡತಿ ಮಕ್ಕಳಿರುವವರು ಎಂದು ನಿಧಾನಕ್ಕೆ ಹೇಳುತ್ತ ಹೋದರು. ಅಧಿಕಾರಿಯ ಕಣ್ಣು ಒದ್ದೆಯಾಯಿತು ಎಂದು ಈಗಲೂ ಆಣೆ ಮಾಡುತ್ತಾರೆ. ಮರದ ಹೆಸರೆತ್ತುವ ಮೊದಲೇ ಗಂಟೆ.

ಅಷ್ಟು ಹೊತ್ತಿಗಾದರೂ ನಮಗೆ ಬುದ್ಧಿ ಬರಬೇಕಿತ್ತು, ನಿಜ. ಮೊದಲ ಭಾಗ ಬಿಟ್ಟು ನೇರವಾಗಿ ನಮ್ಮದಕ್ಕೆ ಬನ್ನಿ ಎಂದು ನಾನೇ ಹೇಳಬಹುದಿತ್ತು. ಆದರೆ ಹೊರಗಿನವರ ಮುಂದೆ, ಮನೆಗೆ ಬಂದವರ ಹಾಗೆ ಕೈಮುಗಿದ ಆ ಹುಡುಗಿಯ ಮುಂದೆ, ಅವಳ ಮಾತು ಹೇಳದೆ ನಮ್ಮದನ್ನೇ ಒದರುವುದೆಂದರೆ ನಾಲಿಗೆ ಹೊರಳಲಿಲ್ಲ. ಚುಟುಕಾಗಿ ಮುಗಿಸಿಬಿಡುತ್ತೇನೆ ಎಂದುಕೊಂಡೇ ಎದ್ದೆ. ಆಟ ಒಳ್ಳೆಯದು, ಊರಿಗೆ ಹೆಸರು ಬರುತ್ತದೆ ಎಂದೆ, ಅವಳು ತಲೆಯಾಡಿಸಲಿ ಎಂದು ಕಾದೆ. ಅವಳು ತಲೆಯಾಡಿಸುವ ಬದಲು, "ಜೊತೆಗೆ ಸುತ್ತ ಹಸಿರು ಪಟ್ಟಿನೂ ಬರುತ್ತೆ ಅಮ್ಮಾ" ಅಂದಳು. ಸರಿ, ಅದನ್ನೂ ಸೇರಿಸಿ ಹೇಳಿದೆ. "ಕುಡಿಯೋ ನೀರಿನ ನಲ್ಲಿನೂ" ಅಂದಳು. ಅದನ್ನೂ ಸೇರಿಸಿದೆ. "ದೀಪಗಳೂ" ಅಂದಳು. ಎದುರಿನವರು ಮುಗಿಯಿತು ಅನ್ನದೆ ನಾವು ನಮ್ಮದನ್ನು ಶುರು ಮಾಡುವುದು ಹೇಗೆ? ಅವಳ ಮಾತೇ ಮುಗಿಯಲಿಲ್ಲ. ನನ್ನ ಬಾಯಲ್ಲಿ ನೀರು ಎಂಬ ಪದ ಬಂದದ್ದು ಆ ನಲ್ಲಿಯ ವಿಷಯದಲ್ಲಿ ಮಾತ್ರ. ಗಂಟೆ ಬಾರಿಸಿತು. ಅವಳು ವೇದಿಕೆಯಿಂದ ಇಳಿದು ಬಂದು ನನ್ನ ಎರಡೂ ಕೈ ಹಿಡಿದುಕೊಂಡು ಥ್ಯಾಂಕ್ಸ್ ಹೇಳಿದಳು. ನಿಜವಾಗಿಯೂ ಸಂತೋಷಪಟ್ಟಿದ್ದಳು, ಆ ಮಗುವಿನ ಮೇಲೆ ನನಗೆ ಸಿಟ್ಟಿಲ್ಲ.

ಉಳಿದದ್ದು ಹಗ್ಗದಜ್ಜಿ. ಒಳಗೆ ಬರುವಾಗ ಹೆಸರು ಬರೆದುಕೊಳ್ಳುವವನು ಕೇಳಿದ್ದಕ್ಕೆ, "ನನ್ನನ್ನ ಕೊನೆಗೆ ಹಾಕಪ್ಪಾ, ನಾನು ಹಿರಿಯಳು" ಅಂದಿದ್ದಳು. ಅವನು ಕೊನೆಗೇ ಹಾಕಿದ್ದ. ಅವಳಿಗಿಂತ ಮುಂದೆ ಅಂಗಡಿಯವರು, ಹೋಟೆಲಿನವರು, ಯಾವುದೋ ಸಂಘದವರು, ನಮ್ಮ ಕೆರೆಯನ್ನು ಒಮ್ಮೆಯೂ ನೋಡದವರು ಸಾಲಾಗಿ ಎದ್ದರು. ಅವರಿಗೆಲ್ಲ ತಮ್ಮದನ್ನೇ ಮೊದಲು ಹೇಳಲು ಬರುತ್ತಿತ್ತು. ಕೊನೆಗೆ ಶಾಲೆಯವರು ಬಂದು ಸಂಜೆ ತರಗತಿಗೆ ಸಭಾಂಗಣ ಬೇಕು ಎಂದರು. ಅಧಿಕಾರಿ ಎಲ್ಲರಿಗೂ ವಂದಿಸಿ ಎದ್ದುಬಿಟ್ಟರು. ಅಜ್ಜಿ ಕುರ್ಚಿಯ ತುದಿಗೆ ಬಂದು, ಸೆರಗು ಸರಿಮಾಡಿಕೊಂಡು, ಎದ್ದು ನಿಲ್ಲಲು ಕೋಲಿನ ಮೇಲೆ ಎರಡೂ ಕೈ ಊರಿದ್ದಳು. ಸುತ್ತ ಕುರ್ಚಿ ಮಡಚುವ ಸದ್ದು. ಅವಳ ಕುರ್ಚಿಗೂ ಒಬ್ಬ ಬಂದು ನಿಂತ.

ಪತ್ರಿಕೆಯಲ್ಲಿ ಬಂದದ್ದು ಸುಳ್ಳಲ್ಲ ಕಂದಾ. ನಾವು ಆಡಿದ್ದನ್ನೇ ಬರೆದಿದ್ದಾರೆ.

ಮರುದಿನ ಓಣಿಯಲ್ಲಿ ಜಗಳವೋ ಜಗಳ. "ನೀನು ಆ ಬೆಡ್‌ಶೀಟಿನ ಕಥೆ ಹೇಳದೇ ಇದ್ದಿದ್ರೆ ಸಮಯ ಉಳೀತಿತ್ತು" ಎಂದು ಗಂಜಿ ಮಾವನ ಮೇಲೆ ಎಲ್ಲರೂ ಬಿದ್ದರು. "ನಗಿಸೋಕೆ ಹೋಗಿ ನಮ್ಮನ್ನ ಬೀದಿಗೆ ತಂದೆ, ಕೋಡಂಗಿ" ಎಂದು ಅವನ ಹೆಂಡತಿಯೇ ಅಂದಳು. ನಮ್ಮ ಕ್ರಮವನ್ನೂ ಬಿಟ್ಟುಬಿಟ್ಟರು ನೋಡು, ಅವನ ಪರವಾಗಿ ಮೊದಲು ಮಾತಾಡಿದವರು ಒಬ್ಬರೂ ಇಲ್ಲ. ಎಲ್ಲರೂ ತಮ್ಮತಮ್ಮದೇ.

ಅವನನ್ನೇ ಕರೆದುಕೊಂಡು ನಾನು ಅಧಿಕಾರಿಯ ಕಚೇರಿಗೆ ಹೋದೆ. ಬಹಳ ಹೊತ್ತು ಪಡಸಾಲೆಯಲ್ಲಿ ಕೂರಿಸಿ ಆಮೇಲೆ ಒಳಗೆ ಕರೆದರು. ಒಳ್ಳೆಯ ಮನುಷ್ಯ, ಅದನ್ನು ಹೇಳಬೇಕು. ಗದರಲಿಲ್ಲ. ನಮ್ಮ ಕ್ರಮವನ್ನು ವಿವರಿಸಿದೆ, ನಾವು ಆಡಿದ್ದು ನಿಮ್ಮ ಮಾತು, ನಮ್ಮ ಮಾತು ಇನ್ನೂ ನಮ್ಮ ಹೊಟ್ಟೆಯಲ್ಲೇ ಇದೆ ಎಂದೆ. ಪೂರ್ತಿ ಕೇಳಿಸಿಕೊಂಡರು. "ತುಂಬಾ ಚೆನ್ನಾಗಿದೆ ಅಮ್ಮಾ ನಿಮ್ಮ ಪದ್ಧತಿ, ಎಲ್ಲರೂ ಹಾಗಿದ್ರೆ ಎಷ್ಟು ಚೆನ್ನ" ಅಂದರು. ಹಾಗಾದರೆ ಈಗ ಬರೆದುಕೊಳ್ಳಿ ಸಾರ್ ಎಂದೆ. "ಸಭೆಯಲ್ಲಿ ಆಡದ ಮಾತನ್ನ ನಾನು ಎಲ್ಲಿಂದ ಬರೀಲಿ? ಸಭೆ ಮುಗೀತಲ್ಲಮ್ಮಾ" ಅಂದರು. ಇನ್ನೊಂದು ಸಭೆ ಕರೆಯಿರಿ ಎಂದೆ. ಒಂದು ಕೆಲಸಕ್ಕೆ ಒಂದೇ ಸಭೆಯಂತೆ. ಗಂಜಿ ಮಾವ ಎದ್ದು ನಿಂತು, "ಸಾರ್, ನನ್ನ ಮಾತನ್ನ ಹೊಡೆದು ಹಾಕಿ, ನಾನು ಬಂದೇ ಇಲ್ಲ ಅಂತ ಬರೀರಿ, ಆ ಹೊತ್ತನ್ನ ಅಜ್ಜಿಗೆ ಕೊಡಿ" ಎಂದು ಕೈಮುಗಿದ. ಅಧಿಕಾರಿ ಕಿಟಕಿಯ ಕಡೆ ನೋಡಿದರು. ಕ್ರೀಡಾಪಟುಗಳ ಟವೆಲ್ಲು ಒಗೆಯುವ ಕೆಲಸ ಬೇಕಾದಷ್ಟು ಬರಬಹುದು, ನಿಮ್ಮವರ ಹೆಸರು ಹೇಳುತ್ತೇನೆ ಎಂದರು. ಎಲ್ಲಿ ಒಗೆಯುವುದು ಸಾರ್ ಎಂದು ಕೇಳಬೇಕೆನ್ನಿಸಿತು. ಅವರ ಮುಖ ನೋಡಿ, ಕೈಮುಗಿದು ಎದ್ದುಬಂದೆ.

ಅದರ ಮುಂದಿನ ಸೋಮವಾರವೇ ತಗಡಿನ ಬೇಲಿ ಬಂತು. ಮಂಗಳವಾರದಿಂದ ಮಣ್ಣಿನ ಲಾರಿಗಳು. ಕೆರೆ ಒಂದೇ ಸಲಕ್ಕೆ ಹೋಗುವುದಿಲ್ಲ, ತಿಳಿಯಿತಾ. ಒಂದು ಕಡೆಯಿಂದ ಮಣ್ಣು ಬಿದ್ದ ಹಾಗೆ ನೀರು ಇನ್ನೊಂದು ಕಡೆಗೆ ಸರಿಯುತ್ತದೆ. ಕೊನೆಕೊನೆಗೆ ಮೂಲೆಯಲ್ಲಿ ಒಗೆಯುವ ಕಲ್ಲುಗಳ ಹತ್ತಿರ ಬಂದು ನಿಂತಿತ್ತು, ಮೀನುಗಳೆಲ್ಲ ಅಲ್ಲೇ ಒತ್ತರಿಸಿಕೊಂಡಿದ್ದವು. ಕೊಕ್ಕರೆಗಳಿಗೆ ಎರಡು ದಿನ ಹಬ್ಬದೂಟ. ಆಮೇಲೆ ಅವೂ ಬರಲಿಲ್ಲ. ದಂಡೆಯ ಮರಗಳನ್ನು ಕಡಿದ ದಿನ ನಿಮ್ಮಪ್ಪ ಇಡೀ ಹಗಲು ಒಂದೇ ಷರಟಿಗೆ ಇಸ್ತ್ರಿ ಹಾಕುತ್ತಿದ್ದರು.

ಈಗ ಬೀದಿ ನಲ್ಲಿಯಲ್ಲಿ ಸರದಿ ಹಚ್ಚಿ ಒಗೆಯುತ್ತೇವೆ, ಮಾಳಿಗೆಗಳ ಮೇಲೆ ಒಣಹಾಕುತ್ತೇವೆ. ಲಾರಿಯ ಧೂಳು ಒದ್ದೆ ಬಟ್ಟೆಯ ಮೇಲೇ ಬಂದು ಕೂರುತ್ತದೆ. ಎರಡು ಸಲ ತೊಳೆದರೂ ಆಸ್ಪತ್ರೆಯವರು ಬಟ್ಟೆ ವಾಪಸು ಕಳಿಸಿದರು. ಹೋದ ವಾರದಿಂದ ಅವರ ಗಂಟು ಯಂತ್ರದ ಲಾಂಡ್ರಿಗೆ ಹೋಗುತ್ತಿದೆ. ಹೋಟೆಲಿನವರದೂ ಅಷ್ಟೇ. ಓಣಿಯ ತುದಿಯ ಎರಡು ಮನೆಯವರು ಬಾಗಿಲು ಹಾಕಿಕೊಂಡು ಹೋದರು. ಮೊನ್ನೆ ಸಣ್ಣ ಮಳೆ ಬಂದಿತ್ತು. ನೀರು ಕೆರೆ ಇದ್ದ ಕಡೆಗೆ ಹೋಗಿ, ಬೇಲಿಗೆ ತಾಗಿ, ವಾಪಸು ನಮ್ಮ ಮನೆಗೆ ಬಂತು. ನಿನ್ನ ಹಳೆಯ ಓಟದ ಬೂಟುಗಳನ್ನು ಮೇಲೆ ಎತ್ತಿಟ್ಟಿದ್ದೇನೆ.

ಹಗ್ಗದಜ್ಜಿ ಮಾತ್ರ ದಿನಾ ಬೆಳಗ್ಗೆ ನಮ್ಮ ಬಾಗಿಲಿಗೆ ಬರುತ್ತಾಳೆ. ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟುಕೊಂಡು ಬಂದು, "ನನ್ನ ಸರದಿ ಬಂತೇನೇ?" ಎಂದು ಕೇಳುತ್ತಾಳೆ. ಇನ್ನೂ ಇಲ್ಲ ಅಜ್ಜಿ ಅನ್ನುತ್ತೇನೆ. "ಆಗ್ಲಿ, ಎಲ್ಲರದೂ ಮುಗೀಲಿ" ಎಂದು ಹೋಗುತ್ತಾಳೆ. ಮೊದಮೊದಲು ಒಳಗೆ ಹೋಗಿ ಅಳುತ್ತಿದ್ದೆ. ಈಗ ಕಾಫಿ ಕೊಟ್ಟು ಕಳಿಸುತ್ತೇನೆ.

ಇಷ್ಟು ನಡೆದದ್ದು. ಇನ್ನು ನಿನ್ನ ವಿಷಯ. "ನಾನು ಓಡುವುದಿಲ್ಲ ಎಂದು ಹೇಳಿಬಿಡುತ್ತೇನೆ" ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ನಿಮ್ಮಪ್ಪನಿಗೆ ಓದಿ ಹೇಳಲಿಲ್ಲ. ನೀನು ನಿಂತರೆ ಲಾರಿ ನಿಲ್ಲುವುದಿಲ್ಲ ಮಗಳೇ. ನಿನ್ನ ಜಾಗದಲ್ಲಿ ಇನ್ನೊಬ್ಬಳು ಓಡುತ್ತಾಳೆ, ಅವಳಿಗೂ ಎಲ್ಲೋ ಒಬ್ಬಳು ಅಮ್ಮ ಇರುತ್ತಾಳೆ. ಅದೇ ಅಂಗಳದಲ್ಲಿ ನೀನು ಮೈ ಬಿಸಿ ಮಾಡಿಕೊಳ್ಳಬೇಕಾಗುತ್ತದೆ ಎನ್ನುವುದು ನನಗೆ ಗೊತ್ತು. ಕಾಲ ಕೆಳಗೆ ಏನಿತ್ತು ಎಂದು ಯೋಚಿಸಬೇಡ, ಓಡುವವಳು ಯೋಚಿಸಿದರೆ ಎಡವುತ್ತಾಳೆ. ನಿಮ್ಮಪ್ಪ ನಿನ್ನ ಓಟ ನೋಡಲು ಹೊಸ ಷರಟು ಹೊಲಿಸಿದ್ದಾರೆ. ಗಂಜಿ ಮಾವನನ್ನು ಕರೆದೆವು, ಬರುವುದಿಲ್ಲ ಅಂದ. ಜನ ಸೇರುವ ಕಡೆ ಇನ್ನು ಬಾಯಿ ಬಿಡುವುದಿಲ್ಲವಂತೆ.

ಹೊಟ್ಟೆ ತುಂಬ ಊಟ ಮಾಡು. ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ಕೆರೆ ಹೋದದ್ದು ನಿನ್ನಿಂದಲ್ಲ, ನಮ್ಮ ಸಂಕೋಚದಿಂದ. ಹಾಗೆಂದುಕೊಂಡು ನಿಶ್ಚಿಂತೆಯಿಂದ ಮಲಗು.

ಇಂತು,
ನಿನ್ನ
ಅಮ್ಮ

ಮರೆತದ್ದು: ಮರೆತದ್ದೇನಲ್ಲ. ಲಕೋಟೆ ಅಂಟಿಸಿ ಆಗಿತ್ತು, ನಿನ್ನ ಕಾಗದ ಇನ್ನೊಮ್ಮೆ ಓದಿ ಬಿಚ್ಚಿದೆ. "ನನ್ನಿಂದಲೇ ನಮ್ಮ ಕೆರೆ ಹೋಯಿತಾ?" ಎಂದು ಕೇಳಿದ್ದೀಯಲ್ಲ, ಅದು ನನ್ನನ್ನು ಬಿಡುತ್ತಿಲ್ಲ. ಆ ದಿನ ಕಚೇರಿಯ ಪಡಸಾಲೆಯಲ್ಲಿ ಕಾಯುತ್ತಿದ್ದಾಗ, ಮೂಲೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ಮಾದರಿ ಇಟ್ಟಿದ್ದರು. ಕ್ರೀಡಾಂಗಣ, ರಸ್ತೆ, ಗೊಂಬೆಯಂಥ ಮರಗಳು. ನಮ್ಮ ಕೆರೆ ಇರುವ ಕಡೆ ಸಾಲಾಗಿ ಬೆರಳುದ್ದದ ಕಾರುಗಳು. ಗಾಜಿನ ಮೇಲೆ ಒಂದು ಪದರ ಧೂಳು, ಒಡೆದ ಕಡೆ ಅಂಟಿಸಿದ್ದ ಟೇಪು ಹಳದಿಯಾಗಿ ಸುರುಳಿ ಸುತ್ತಿಕೊಂಡಿತ್ತು. ಇದು ಯಾವಾಗ ಮಾಡಿದ್ದು ಎಂದು ಜವಾನನನ್ನು ಕೇಳಿದೆ. "ಅದಾ? ನಾನು ಕೆಲಸಕ್ಕೆ ಸೇರಿದಾಗ್ಲೇ ಇತ್ತಮ್ಮಾ. ದಿನಾ ಒರೆಸ್ತಿದ್ದೆ, ಈಗ ಬೇಜಾರಾಗಿ ಬಿಟ್ಟಿದೀನಿ" ಅಂದ.

ವಾಪಸು ಬರುವಾಗ ಬಸ್ಸಿನಲ್ಲಿ ಗಂಜಿ ಮಾವನಿಗೆ ಇದನ್ನು ಹೇಳಿದೆ. ಅವನ ಎದೆಯ ಭಾರ ಇಳಿಯಲಿ ಎಂದು ಹೇಳಿದೆ. ಅವನು ಕಿಟಕಿಯಿಂದ ಮುಖ ತಿರುಗಿಸಿ, "ಅಂದ್ರೆ ಅಕ್ಕಾ, ನಾವು ಏನು ಹೇಳಿದ್ರೂ ಒಂದೇ ಆಗ್ತಿತ್ತಾ?" ಎಂದು ಕೇಳಿದ. ಹೌದು ಕಣೋ ಎಂದೆ. ಇಳಿದ ಮೇಲೆ ನನ್ನ ಕೈ ಹಿಡಿದು, "ಯಾರಿಗೂ ಹೇಳ್ಬೇಡ. ತಪ್ಪು ನಂದೇ ಅಂತ ಇರ್ಲಿ" ಅಂದ. ಆಮೇಲೂ ಮನೆಮನೆಗೆ ಹೋಗಿ, ನಾನು ಆ ಕಥೆ ಹೇಳಬಾರದಿತ್ತು ಎಂದು ಕ್ಷಮೆ ಕೇಳುತ್ತಿದ್ದಾನೆ.

ನಿನಗೂ ಹೇಳಬಾರದು ಎಂದುಕೊಂಡಿದ್ದೆ. ನಮ್ಮಿಂದ ಹೋಯಿತು ಎಂದುಕೊಳ್ಳುವುದು ಹಗುರವೋ, ನಾವು ಲೆಕ್ಕಕ್ಕೇ ಇರಲಿಲ್ಲ ಎಂದುಕೊಳ್ಳುವುದು ಹಗುರವೋ, ನನಗೆ ಇನ್ನೂ ತಿಳಿದಿಲ್ಲ. ನಿನಗೆ ತಿಳಿದರೆ ಬರೆ.